ಬ್ರೆಡ್ಡು ತಾರದ ಕಾಯಿಲೆ

ವಾಡಿ ಸ್ಟೇಷನ್ನಿನಿಂದ ಹೊರಬಿದ್ದು ರಾವೂರಿನ ದಾರಿ ಹಿಡಿದರೆ ಮಳೆಗಾಲದಲ್ಲಿ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಶೆಡ್ಡುಗಳಿಂದ ಹರಿದು ಬಂದ ಬಿಳಿ ರಾಡಿ ರಸ್ತೆಯ ಬದಿಯಲ್ಲೆಲ್ಲ ಒಣಗಿ ಬಿದ್ದಿರುತ್ತದೆ. ಅದರ ಮೇಲೆ ಮಳೆ ಬಿದ್ದರೆ ಈಗಷ್ಟೇ ಸುಣ್ಣ ಹೊಡೆದ ಗೋಡೆಯ ವಾಸನೆ ಏಳುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ಹಿಗ್ಗುವವರು ಇದ್ದಾರೆ, ಹಿಗ್ಗಲಿ. ನನಗೆ ಈ ವಾಸನೆಗೆ ಸಿಟ್ಟು ಬರುತ್ತದೆ. ಒಂದು ಮಳೆಗಾಲ ಪೂರ್ತಿ ನಾನು ಇದರ ನಡುವೆ ಕುದ್ದಿದ್ದೇನೆ.

ಮೊನ್ನೆ ಮತ್ತೆ ಅಲ್ಲಿ ಇಳಿದೆ. ಹೊರಟದ್ದು ಕಲಬುರಗಿಯಿಂದ ಸೇಡಂಗೆ, ನಮ್ಮ ಅಣ್ಣನ ಮನೆಗೆ. ಚೀಲದಲ್ಲಿ ಒಂದು ಬ್ರೆಡ್ಡು, ಒಂದು ಬಿಸ್ಕಿಟ್ ಪುಡಿಕೆ ಇತ್ತು. ಅಣ್ಣ ತಹಶೀಲ್ ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಮನೆಗೆ ಬಂದವರ ಜೊತೆ ಪಂಚಾಂಗದಿಂದ ಹಿಡಿದು ಪಾರ್ಲಿಮೆಂಟಿನವರೆಗೆ ಮಾತಾಡದೆ ಬಿಟ್ಟವನಲ್ಲ. ಅಂಥವನು ಯುಗಾದಿ ಆದಾಗಿನಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಗಡ್ಡ ಬೋಳಿಸಿಕೊಂಡಿಲ್ಲ, ಸಂಧ್ಯಾವಂದನೆ ಬಿಟ್ಟಿದ್ದಾನೆ, ಊಟಕ್ಕೆ ಕರೆದರೆ ಗೋಡೆಯ ಕಡೆ ತಿರುಗುತ್ತಾನೆ. ನಮ್ಮ ವೈನಿ, ಅಂದರೆ ಅವನ ಹೆಂಡತಿ, ಇದನ್ನೆಲ್ಲ ಫೋನಿನಲ್ಲಿ ಪಿಸುಗುಟ್ಟಿ ಕೊನೆಗೆ ಹೇಳಿದಳು, "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಮಗಳಿಗೆ ವರ ನೋಡ್ಲಿಕತ್ತೀವಿ. ಬಂದವ್ರಿಗೆ ನಾ ಮಂತ್ರಾಲಯಕ್ಕ ಹೋಗ್ಯಾರ ಅಂತ ಹೇಳಿ ಕಳಸ್ತೀನಿ."

ತಿಂಗಳುಗಟ್ಟಲೆ ಮಂತ್ರಾಲಯದಲ್ಲಿ ಕೂರಲಿಕ್ಕೆ ನಮ್ಮಣ್ಣ ಏನು ಚಾತುರ್ಮಾಸ್ಯ ಹಿಡಿದ ಸ್ವಾಮಿಗಳೇ? ಹಾಗೆಂದು ಕೇಳಿಯೂಬಿಟ್ಟೆ. ವೈನಿ ಫೋನು ಇಟ್ಟಳು. ಮಾರನೆಯ ದಿನ ಅಣ್ಣನ ಮಗಳು ಅವನ ಕೈಗೆ ಫೋನು ಕೊಟ್ಟಳು. ಬಹಳ ಹೊತ್ತು ಬರೀ ಉಸಿರು ಕೇಳಿಸಿತು. ಆಮೇಲೆ ಅಂದ, "ಶಾಂತಾ, ಊರ ಮಂದಿಗಿ ನಾ ಏನ್ ಮಾಡೀನವಾ? ಯಾರೂ ಬರವಲ್ರು."

ಬಂದವರನ್ನು ಹೊಸ್ತಿಲಿನಿಂದಲೇ ತಿರುಗಿಸಿ ಕಳಿಸುತ್ತಿದ್ದಾರೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಆ ಕ್ಷಣ ನನಗೆ ರಾವೂರಿನ ಆ ವರ್ಷ ನೆನಪಾಯಿತು, ಸಾಬಮ್ಮ ನೆನಪಾದಳು. ಅದಕ್ಕೇ ವಾಡಿಯಲ್ಲಿ ಇಳಿದೆ.

ಕೊರೋನಾ ಮುಗಿದು ಶಾಲೆಗಳು ಮತ್ತೆ ಹಳಿಗೆ ಬಂದ ಕಾಲ ಅದು. ನಾನು ರಾವೂರಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಬಂದು ಒಂದು ಓಣಿಯಲ್ಲಿ ಮನೆ ಹಿಡಿದಿದ್ದೆ. ಪಕ್ಕದ ಮನೆ ಮೆಹಬೂಬಬೀಯದು. ಬ್ಲೌಸು ಹೊಲಿಯುವ ಹೆಂಗಸು, ಬಾಯಿ ಕತ್ತರಿಗಿಂತ ಚುರುಕು. ಎದುರುಮನೆ ಭೀಮವ್ವನದು. ಅವಳ ಮಗ ಮಲ್ಲಪ್ಪ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಸೊಸೆ ಸಾಬಮ್ಮ ಫರ್ಸಿ ಪಾಲಿಶ್ ಮಾಡುವ ಶೆಡ್ಡಿಗೆ ಹೋಗುತ್ತಿದ್ದವಳು. ಮೊಮ್ಮಗಳು ಅಂಬಿಕಾ ನನ್ನ ಎಂಟನೆಯ ತರಗತಿಯಲ್ಲಿದ್ದಳು.

ಬಂದ ಹೊಸತರಲ್ಲೇ ನನಗೆ ಟೈಫಾಯಿಡ್ ಆಯಿತು. ನಮ್ಮ ಕಡೆ ಮೈಯಲ್ಲಿ ಹುಷಾರಿಲ್ಲದವರನ್ನು ಮಾತಾಡಿಸಿ ಬರುವುದೆಂದರೆ ಕಾಯಿದೆ ಇದ್ದ ಹಾಗೆ, ತಪ್ಪುವಂತಿಲ್ಲ. ಬರಿಗೈಯಲ್ಲಿ ಹೋಗುವಂತಿಲ್ಲ, ಬ್ರೆಡ್ಡೋ ಬಿಸ್ಕಿಟ್ಟೋ ಬಾಳೆಹಣ್ಣೋ ಒಯ್ಯಬೇಕು. ಕುರ್ಚಿಯ ಅಂಚಿನಲ್ಲಿ ಕೂತು, ಇದೇ ಜ್ವರದಲ್ಲಿ ಯಾರು ಯಾರು ಸತ್ತರು ಎಂದು ರೋಗಿಗೆ ವಿವರವಾಗಿ ಹೇಳಿ, ಚಹಾ ಕುಡಿದು ಏಳಬೇಕು. ಓಣಿಗೆ ಓಣಿಯೇ ಬಂತು. ಬ್ರೆಡ್ಡು ಎಷ್ಟು ಬಂತೆಂದರೆ ಮೆಹಬೂಬಬೀಯ ಆಡುಗಳು ಕೊನೆಗೆ ಅದನ್ನು ಕಂಡರೆ ಮುಖ ತಿರುಗಿಸತೊಡಗಿದವು. ಬಂದವರ ಮಾತಿಗೆ ತಲೆ ನೋಯುತ್ತಿತ್ತು, ಆದರೂ ಅವರು ಬಾರದ ದಿನ ಬಾಗಿಲ ಕಡೆಗೇ ನನ್ನ ಕಣ್ಣಿರುತ್ತಿತ್ತು.

ಹಾಸಿಗೆಯಿಂದ ಎದ್ದು ಕಟ್ಟೆಗೆ ಬಂದು ಕೂತಾಗ ಎದುರುಮನೆಯಲ್ಲಿ ಸಾಬಮ್ಮ ಕಂಡಳು. ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಮಳೆಯ ಎರಚಲು ಕಾಲ ಮೇಲೆ ಬೀಳುತ್ತಿದ್ದರೂ ಕಾಲು ಎಳೆದುಕೊಳ್ಳಲಿಲ್ಲ. ಸಂಜೆ ಹೊತ್ತಿಗೂ ಅಲ್ಲೇ ಇದ್ದಳು. ಏನಾಗಿದೆ ಅವಳಿಗೆ ಎಂದು ಮೆಹಬೂಬಬೀಯನ್ನು ಕೇಳಿದೆ.

"ಬ್ಯಾಸಿಗ್ಯಾಗ ಹಡದಳ್ರಿ ಟೀಚರ್ರ. ಗಂಡುಕೂಸು. ಹುಟ್ಟಿ ಅಳಲೇ ಇಲ್ಲ. ಆವತ್ತಿನಿಂದ ಹಿಂಗ. ನಿದ್ದಿ ಇಲ್ಲ, ಮಾತಿಲ್ಲ. ಮಂದಿ ಗಾಳಿ ಸೋಕ್ಯಾದ ಅಂತಾರ."

"ನೀವು ಹೋಗಿ ಮಾತಾಡಿಸಲಿಲ್ಲೇನು?"

"ಅಳದ ಕೂಸಿಗೆ ಯಾರು ಅಳ್ತಾರ್ರಿ? ಅದನ್ನ ಸಾವು ಅಂತ ಹಿಡ್ಯಂಗಿಲ್ಲ. ಬುತ್ತಿ ಒಯ್ಯಂಗಿಲ್ಲ, ಮಾತಾಡ್ಸಲಿಕ್ಕ ಹೋಗಂಗಿಲ್ಲ. ಮೊದಲಿಂದ ರಿವಾಜ ಹಂಗ ಅದ."

ಎಂಥ ರಿವಾಜು ಇದು! ಎಂಬತ್ತು ದಾಟಿದ ಮುದುಕ ನಿದ್ದೆಯಲ್ಲಿ ತೀರಿಕೊಂಡರೆ ನೆಂಟರು ಚಿಂಚೋಳಿ, ಶಹಾಬಾದದಿಂದ ಬಸ್ಸು ಹತ್ತಿ ಬಂದು ಎದೆ ಬಡಿದುಕೊಳ್ಳುತ್ತಾರೆ. ಒಲೆ ಹೊತ್ತಿಸದ ಮನೆಗೆ ನೆರೆಯವರು ಬುತ್ತಿ ತರುತ್ತಾರೆ. ಹೊಟ್ಟೆಯಲ್ಲಿ ಹೊತ್ತ ಕೂಸನ್ನು ನೋಡುವ ಮುಂಚೆಯೇ ಕಳೆದುಕೊಂಡ ತಾಯಿಗೆ ಮಾತ್ರ ಮಾರನೆಯ ದಿನವೇ ಒಲೆ ಹೊತ್ತಿಸು ಎನ್ನುತ್ತಾರೆ. ನನ್ನ ಟೈಫಾಯಿಡ್ಡಿಗೆ ಆಡೂ ತಿನ್ನದಷ್ಟು ಬ್ರೆಡ್ಡು ಬಂತು, ಅದೇ ಓಣಿಯಲ್ಲಿ ಅವಳಿಗೆ ಒಂದು ಬಿಸ್ಕಿಟ್ಟೂ ಬರಲಿಲ್ಲ.

ಇದರ ನಡುವೆ ಒಂದು ಶಿಬಿರವಾಯಿತು. ಯಾರದೋ ಆಶ್ರಯದಲ್ಲಿ ಮಾನಸಿಕ ಒತ್ತಡ ನಿವಾರಣೆಯ ಕಾರ್ಯಕ್ರಮ, ನಮ್ಮ ಶಾಲೆಯ ಅಂಗಳದಲ್ಲೇ. ದೊಡ್ಡ ಬ್ಯಾನರು ಕಟ್ಟಿದರು. ಶೆಡ್ಡಿನ ಹೆಂಗಸರನ್ನು ಕೆಲಸದ ನಡುವಿನಿಂದಲೇ ಎಬ್ಬಿಸಿ ತಂದು ಕೂರಿಸಿದರು. ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ಮೆಹಬೂಬಬೀ ಸಾಬಮ್ಮನ ಕೈ ಹಿಡಿದು ಕರೆತಂದು ಕಂಬದ ಹತ್ತಿರ ಕೂರಿಸಿಕೊಂಡಳು. ಭೀಮವ್ವನೂ ಹಿಂದಿನಿಂದ ಬಂದಳು. ಇಸ್ತ್ರಿ ಅಂಗಿಯ ತರುಣನೊಬ್ಬ ಮೈಕು ಹಿಡಿದು ಹೇಳಿದ: ಮನಸ್ಸಿಗೆ ಭಾರವಾದಾಗ ಉದ್ಯಾನದಲ್ಲಿ ನಡೆದಾಡಿ, ಇಷ್ಟದ ಹವ್ಯಾಸ ಬೆಳೆಸಿಕೊಳ್ಳಿ, ಹಣ್ಣು ಹಂಪಲು ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ. ರಾವೂರಿನಲ್ಲಿ ಉದ್ಯಾನ ಎಲ್ಲಿದೆ ಎಂದು ಅವನು ಹೇಳಲಿಲ್ಲ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದುಕೊಳ್ಳಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ ಎಂದ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಕೇಳಿದಳು, "ಸಾಹೇಬ್ರ, ಬಾಯಿಗಿ ಕಟ್ಟಿದ ಸೆರಗ ಬಿಚ್ಚಿ ಎಳಕೋಬೇಕೋ, ಕಟಗೊಂಡೇ ಎಳಕೋಬೇಕೋ? ಶೆಡ್ಡಿನ್ಯಾಗ ಬಿಚ್ಚಿದ್ರ ಕೆಮ್ಮು ಬರ್ತದ್ರಿ."

ಅವನು ನಕ್ಕುಬಿಟ್ಟ. ಸುತ್ತ ಕೂತವರೂ ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಅವನು, "ನಿಮ್ಮಲ್ಲಿ ಯಾರಿಗಾದರೂ ಮಾನಸಿಕ ತೊಂದರೆ ಇದ್ದರೆ ದಯವಿಟ್ಟು ಕೈ ಎತ್ತಿ" ಎಂದ. ಅತ್ತೆ, ಮಾವ, ಓಣಿ, ಊರು ಎಲ್ಲ ಕೂತಿರುವಾಗ! ಯಾವ ಸೊಸೆ ಕೈ ಎತ್ತುತ್ತಾಳೆ? ಯಾರೂ ಎತ್ತಲಿಲ್ಲವೆಂದು ಅವನಿಗೆ ಸಂತೋಷವೂ ಆಯಿತು. ಫೋಟೋ ತೆಗೆದರು, ಬಿಸ್ಕಿಟ್ಟು ಹಂಚಿದರು, ಜೀಪು ಹೋಯಿತು. ಸಾಬಮ್ಮ ಬಿಸ್ಕಿಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ನಾಗರಪಂಚಮಿ ಹತ್ತಿರ ಬಂತು. ಒಂದು ದಿನ ಅಂಬಿಕಾ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಕರೆದರೂ ಬಾಯಿ ಬಿಡದ ಹುಡುಗಿ ತಾನಾಗಿ ಬಂದಿದ್ದಳು.

"ಟೀಚರ್ರ, ಅವ್ವಗ ಪಂಚಮಿಗಿ ಕುರಕುಂಟಾಕ್ಕ, ತವರಮನಿಗಿ ಕಳಸ್ತಾರಂತ. ಮಾಮಾ ಬರ್ತಾನ ಕರಕೊಂಡು ಹೋಗ್ಲಿಕ್ಕ."

"ಛಲೋ ಆತಲ್ಲ. ನೀನೂ ಹೋಗು, ಉಂಡಿ ತಿಂದು, ಜೋಕಾಲಿ ಆಡಿ ಬಾ."

"ನನಗ ಕಳಸಂಗಿಲ್ರಿ, ಸಾಲಿ ಅದ ಅಂತಾರ. ಅವ್ವ ಇನ್ನ ಅಲ್ಲೇ ಇರ್ತಾಳಂತ. ಆಯಿ ಅಪ್ಪಗ ಬ್ಯಾರೆ ಹೆಣ್ಣ ನೋಡ್ಯಾಳ." ಅಜ್ಜಿಯ ಬಗ್ಗೆ ಇಷ್ಟು ಹೇಳಿ ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು.

ಪಂಚಮಿ ಎಂದರೆ ನಮ್ಮ ಹೆಣ್ಣುಮಕ್ಕಳು ವರ್ಷಪೂರ್ತಿ ದಾರಿ ಕಾಯುವ ಹಬ್ಬ. ಅಣ್ಣ ಬರುತ್ತಾನೆ, ತವರಿಗೆ ಕರೆದೊಯ್ಯುತ್ತಾನೆ. ಆ ಹಬ್ಬದ ಹೆಸರಿನಲ್ಲಿ ಒಬ್ಬ ಹೆಂಗಸನ್ನು ಮನೆಯಿಂದ ಕಿತ್ತು ಹಾಕುವ ಯೋಜನೆ! ಕಳಿಸಿದ ಅಪವಾದವಿಲ್ಲ, ಬಿಟ್ಟ ಪಾಪವಿಲ್ಲ, ಕೇಳಿದರೆ ಹಬ್ಬಕ್ಕೆ ಹೋಗಿದ್ದಾಳೆ. ಮಗಳನ್ನು ಮಾತ್ರ ಶಾಲೆಯ ನೆಪದಲ್ಲಿ ಇಟ್ಟುಕೊಳ್ಳುವುದು. ಶಾಲೆಯ ನೆಪ ಹೇಳಿದ್ದು ನನಗೆ ಇನ್ನೂ ಉರಿಯಿತು.

ಸಂಜೆ ಮೆಹಬೂಬಬೀಯ ಮನೆಯಲ್ಲಿ ನಾನು ಕೂಗಾಡಿದೆ. ಅಲ್ಲಿ ಬ್ಲೌಸಿಗೆಂದು ಬಂದ ನಾಲ್ಕಾರು ಹೆಂಗಸರೂ ಇದ್ದರು. ಅವಳು ಮಷೀನು ನಿಲ್ಲಿಸದೆ ಕೇಳಿದಳು, "ಕೂಗಾಡಿ ಏನ್ ಮಾಡ್ತೀರಿ? ನಿಮ್ಮ ಟೈಫಾಯಿಡ್ಡಿಗಿ ನಾವೇನ್ ದವಾ ಕೊಟ್ಟಿವೇನು? ಬಂದು ಕುಂತಿವಿ, ಅಷ್ಟೆ."

"ಹಂಗಾದ್ರ ಅಕಿ ಹಂತ್ಯಾಕೂ ಹೋಗಿ ಕುಂದ್ರೋಣ. ಈಗಿಂದೀಗ."

"ಈಗ ಬ್ಯಾಡ. ಅಂಗಡ್ಯಾಗ ಬ್ರೆಡ್ ಬರಲಿ. ನಾಳಿ ಮುಂಜಾನಿ."

ಮಾರನೆಯ ದಿನ ರವಿವಾರ. ರಾತ್ರಿಯಿಡೀ ಮಳೆ ಸುರಿದಿತ್ತು. ಖಣಿಯಲ್ಲಿ ನೀರು ತುಂಬಿ, ಪಂಪು ಹಚ್ಚಲಿಕ್ಕೆ ಮಲ್ಲಪ್ಪ ನಸುಕಿನಲ್ಲೇ ಹೋಗಿದ್ದ. ನಾವು ಏಳೆಂಟು ಜನ ಸೇರಿ ಹೊರಟೆವು. ಸಣ್ಣಗೆ ಮಳೆ ಇತ್ತೆಂದು ತಲೆಯ ಮೇಲೆ ಸೆರಗು ಹೊದ್ದಿದ್ದೆವು. ಬ್ರೆಡ್ಡು ನೆನೆಯದಿರಲೆಂದು ಸೆರಗಿನೊಳಗೇ ಹಿಡಿದಿದ್ದೆವು. ಹೋಗಿ ಏನು ಮಾತಾಡುವುದೆಂದು ಯಾರಿಗೂ ತಿಳಿಯದೆ ಎಲ್ಲರೂ ಸುಮ್ಮನೆ ನಡೆದೆವು. ಖಣಿಯ ಊರಿನಲ್ಲಿ ಹೆಂಗಸರು ಹೀಗೆ ಗುಂಪಾಗಿ, ಸೆರಗು ಹೊದ್ದು, ಮಾತಿಲ್ಲದೆ ಒಂದು ಮನೆಯ ಕಡೆ ಬಂದರೆ ಅದರ ಅರ್ಥ ಒಂದೇ. ನಮಗೆ ಯಾರಿಗೂ ಅದು ಹೊಳೆಯಲಿಲ್ಲ.

ಭೀಮವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನಮ್ಮನ್ನು ನೋಡಿದಳು. ಮೊರ ಕೈಯಿಂದ ಜಾರಿತು.

"ಯವ್ವಾ! ನನ್ನ ಮಗಾ! ಮಲ್ಲಪ್ಪಾ!" ಎಂದು ಕಿರುಚಿ ಎದೆ ಬಡಿದುಕೊಂಡು ಚೆಲ್ಲಿದ ಜೋಳದ ಮೇಲೆ ಬಿದ್ದಳು. ಏನೂ ಆಗಿಲ್ಲ ಎಂದು ನಾವು ಕೂಗಿದರೆ ಅವಳಿಗೆ ಕೇಳಿಸಲೇ ಇಲ್ಲ. ಬಾಯಿ ತೆರೆದು ಉಸಿರಿಗೆ ಒದ್ದಾಡತೊಡಗಿದಳು. ನಾನು ವಿಜ್ಞಾನದ ಟೀಚರು, ಕಂಬದ ಹಾಗೆ ನಿಂತಿದ್ದೆ.

ಗೋಡೆಗೆ ಒರಗಿದ್ದ ಸಾಬಮ್ಮ ಎದ್ದಳು. ಬಂದು ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಷ್ಟೋ ದಿನದಿಂದ ಬಳಸದ ಗಂಟಲಿನಿಂದ ದನಿ ಒಡೆದು ಬಂತು. "ಅತ್ತಿ, ಇಲ್ಲಿ ನೋಡು. ಉಸಿರ ಬಿಡು. ಹಗೂರ್ಕ ಬಿಡು. ಅವಸರ ಮಾಡಬ್ಯಾಡ. ಇನ್ನೊಮ್ಮಿ ಬಿಡು." ಒಂದು ಕೈ ಅತ್ತೆಯ ಎದೆಯ ಮೇಲಿತ್ತು. ಭೀಮವ್ವನ ಉಸಿರು ಮೆಲ್ಲಗೆ ದಾರಿಗೆ ಬಂತು. ಆ ಇಸ್ತ್ರಿ ಅಂಗಿಯವನ ಮಾತು ಕಂಬದ ಹತ್ತಿರ ಕೂತವಳ ಕಿವಿಗೆ ಬಿದ್ದಿತ್ತು! ಅವನನ್ನು ಬೈದ ನಾನು ಇಷ್ಟನ್ನು ಒಪ್ಪಿಕೊಳ್ಳಲೇಬೇಕು. ಅವನ ಉಪಾಯದಲ್ಲಿ ತಪ್ಪಿರಲಿಲ್ಲ. ತಲೆ ಇಟ್ಟುಕೊಳ್ಳಲಿಕ್ಕೆ ಒಂದು ತೊಡೆ ಬೇಕು ಎಂಬುದನ್ನು ಹೇಳದೆ ಜೀಪು ಹತ್ತಿದ್ದ.

ಮಗನಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಭೀಮವ್ವನಿಗೆ ಸಿಟ್ಟು ಬಂತು. "ಮತ್ತ್ಯಾಕ ಬಂದ್ರಿ ಹಿಂಗ? ನಮ್ಮ ಮನ್ಯಾಗ ಯಾರ್ ಸತ್ತಾರಂತ ಬಂದ್ರಿ?"

ಮೆಹಬೂಬಬೀ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಸತ್ತದ್ದು ಖರೇ ಅದ ಭೀಮಕ್ಕ. ಬ್ಯಾಸಿಗ್ಯಾಗ ಸತ್ತದ, ನಿನ್ನ ಮೊಮ್ಮಗ. ಆವಾಗ ಬರ್ಲಿಲ್ಲ ನಾವು. ತಡಾ ಆತು. ಈಗ ಬಂದೀವಿ."

ಸಾಬಮ್ಮ ಮೆಹಬೂಬಬೀಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಹೊಟ್ಟೆಯೊಳಗಿನಿಂದ ಒಂದು ಅಳು ಬಂತು, ಓಣಿಯ ಕೊನೆಯವರೆಗೂ ಕೇಳಿಸಿತು. ಭೀಮವ್ವನೂ ಅತ್ತಳು. "ನಾನೂ ಅತ್ತಿಲ್ಲವ್ವಾ ಅದಕ್ಕ. ಅಳಬಾರದಂತಾರ, ಮುಂದಿನ ಕೂಸಿಗಿ ಛಲೋ ಅಲ್ಲಂತಾರ" ಎಂದಳು. ಸೊಸೆಯನ್ನು ಹೊರಗೆ ಹಾಕಲು ಹೊರಟಿದ್ದ ಈ ಮುದುಕಿಯನ್ನು ಜಾಡಿಸಬೇಕೆಂದು ನಾನು ಹುರುಪಿನಿಂದ ಬಂದಿದ್ದೆ. ಆ ದಿನ ಅವಳಿಗೆ ನೀರು ಕೊಟ್ಟು, ಚೆಲ್ಲಿದ ಜೋಳ ಆರಿಸಿದೆ.

ಒಂದು ಅಳುವಿಗೆ ಎಲ್ಲ ನೆಟ್ಟಗಾಯಿತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಸಾಬಮ್ಮ ಮತ್ತೆ ಗೋಡೆಗೆ ಒರಗಿದಳು, ಮತ್ತೆ ಊಟ ಬಿಟ್ಟಳು. ಮೆಹಬೂಬಬೀ ಮತ್ತು ನಾನು ಅವಳನ್ನು ಚಿತ್ತಾಪುರದ ದವಾಖಾನೆಗೆ ಕರೆದೊಯ್ದೆವು. ಭೀಮವ್ವ ಕರೆಯದೆಯೂ ಹಿಂದೆ ಬಂದಳು. ಮನಸ್ಸಿನ ಡಾಕ್ಟರಮ್ಮ ನಮ್ಮನ್ನೆಲ್ಲ ಹೊರಗೆ ಕಳಿಸಿ ಸಾಬಮ್ಮನೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ನಮ್ಮನ್ನು ಕರೆದು, ಇದು ಗಾಳಿಯಲ್ಲ, ಹೆರಿಗೆಯ ನಂತರ ಎಷ್ಟೋ ಹೆಂಗಸರಿಗೆ ಬರುವ ಕಾಯಿಲೆ, ಗುಳಿಗೆಗೆ ಇಳಿಯುತ್ತದೆ, ಆದರೆ ಬೇಗ ಅಲ್ಲ ಎಂದರು. ನಡುವೆ ಗುಳಿಗೆ ಬಿಡಬೇಡಿ, ಒಬ್ಬಳನ್ನೇ ಬಿಡಬೇಡಿ, ದಿನಾ ಯಾರಾದರೂ ಜೊತೆಗೆ ಕೂತು ಒಂದಿಷ್ಟು ಕೈಕೆಲಸ ಮಾಡಿಸಿ, ಸತ್ತುಹೋಗಬೇಕು ಅನ್ನಿಸುತ್ತಿದೆ ಎಂದು ಅವಳು ಅಂದರೆ ಅದನ್ನು ನಾಟಕ ಎನ್ನದೆ ಆ ಕ್ಷಣವೇ ಇಲ್ಲಿಗೆ ಬನ್ನಿ ಎಂದರು. ಮೆಹಬೂಬಬೀಯ ಮನೆಯಲ್ಲಿ ಸಾಬಮ್ಮನಿಗೆ ಹುಕ್ಕು ಹಚ್ಚುವ ಕೆಲಸ ಸಿಕ್ಕಿತು. ಸಂಜೆ ಹೆಂಗಸರು ಅಲ್ಲೇ ಕೂಡತೊಡಗಿದರು. ನೋಡಿದರೆ ಎಲ್ಲರ ಹೊಟ್ಟೆಯಲ್ಲೂ ಏನಾದರೊಂದು ಇತ್ತು. ಒಬ್ಬಳಿಗೆ ನಿದ್ದೆ ಇಲ್ಲ, ಒಬ್ಬಳಿಗೆ ಗಂಡನ ಕುಡಿತ, ಒಬ್ಬಳ ಎದೆ ಕಾರಣವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಕೈ ಎತ್ತಿ ಎಂದು ಯಾರೂ ಕೇಳಲಿಲ್ಲ.

ಕುರಕುಂಟಾದಿಂದ ಸಾಬಮ್ಮನ ಅಣ್ಣ ಬಂದ ದಿನ ನಾನೂ ಮೆಹಬೂಬಬೀಯೂ ಜಗಳಕ್ಕೆ ತಯಾರಾಗಿ ಹೋಗಿದ್ದೆವು. ಭೀಮವ್ವ ನಮ್ಮ ಕಡೆ ನೋಡಲೂ ಇಲ್ಲ. ಸೊಸೆಯ ತಲೆ ತಾನೇ ಬಾಚಿ, ಹೂ ಮುಡಿಸಿ, ಉಡಿ ತುಂಬಿದಳು. ಅಂಬಿಕಾಳ ಹೊಸ ಲಂಗವನ್ನೂ ಚೀಲಕ್ಕೆ ತುರುಕಿದಳು. ಮಲ್ಲಪ್ಪ ಚೀಲ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ಆ ಮಳೆಗಾಲದಲ್ಲಿ ಅವನು ಬಾಯಿ ಬಿಟ್ಟದ್ದನ್ನು ನಾನು ಕಾಣೆ, ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಭೀಮವ್ವ ಬೀಗರ ಮಗನಿಗೆ ಬೆರಳು ತೋರಿಸಿ ಹೇಳಿದಳು, "ಬೆನಕನ ಅಮಾಸಿ ಒಳಗ ನನ್ನ ಸೊಸಿ ಇಲ್ಲಿರಬೇಕು. ಹೊತ್ತಿಗಿ ಸರಿಯಾಗಿ ಗುಳಿಗಿ ಕೊಡು. ಅಕಿ ಕಡಿಂದ ರೊಟ್ಟಿ ಬಡಿಸಬ್ಯಾಡ್ರಿ." ಶ್ರಾವಣ ಮುಗಿಯುವ ಆ ಅಮಾವಾಸ್ಯೆಗೆ ಮೊದಲೇ ಸಾಬಮ್ಮ ತಿರುಗಿ ಬಂದಳು, ಬರುವಾಗ ಡಬ್ಬಿ ತುಂಬ ಶೇಂಗಾದುಂಡಿ ತಂದಳು. ಆಡುಗಳಿಗೆ ಅದರಲ್ಲಿ ಒಂದೂ ಸಿಗಲಿಲ್ಲ.

ಮೊನ್ನೆ ಹೋದಾಗ ಸಾಬಮ್ಮ ಮೆಹಬೂಬಬೀಯ ಪಕ್ಕದಲ್ಲಿ ತನ್ನದೇ ಮಷೀನು ತುಳಿಯುತ್ತಿದ್ದಳು. ಅಂಬಿಕಾ ಚಿತ್ತಾಪುರದಲ್ಲಿ ಕಾಲೇಜು. ಈಗಲೂ ಒಮ್ಮೊಮ್ಮೆ ಸಾಬಮ್ಮನ ಮನಸ್ಸು ಕತ್ತಲಾಗುತ್ತದಂತೆ, ಆಗ ತಾನೇ ಬಸ್ಸು ಹತ್ತಿ ದವಾಖಾನೆಗೆ ಹೋಗಿಬರುತ್ತಾಳಂತೆ. ಅಣ್ಣನ ಸುದ್ದಿ ಹೇಳಿದೆ. ಅವಳು ಮಷೀನು ನಿಲ್ಲಿಸಿ, ಅಂಗಡಿಗೆ ಹೋಗಿ ಬಂದು ನನ್ನ ಚೀಲದಲ್ಲಿ ಇನ್ನೊಂದು ಬ್ರೆಡ್ಡು ಇಟ್ಟಳು. "ಇದು ನಂದ್ರಿ. ಕುಂತು ಬರ್ರಿ ಟೀಚರ್ರ. ಏನೂ ಹೇಳ್ಲಿಕ್ಕ ಹೋಗಬ್ಯಾಡ್ರಿ, ಸುಮ್ಮ ಕುಂದರ್ರಿ."

ಸೇಡಂನಲ್ಲಿ ಇಳಿದು ಅಣ್ಣನ ಓಣಿಗೆ ಬರುವಾಗ ಇಳಿಹೊತ್ತು. ಎದುರುಮನೆಯ ರಾಘಪ್ಪನವರು, ಅಣ್ಣನ ಜೊತೆ ಕಚೇರಿಯಲ್ಲಿ ಕೆಲಸ ಮಾಡಿದವರು, ಕಟ್ಟೆಯ ಮೇಲೆ ಕೂತಿದ್ದರು. ನಮ್ಮ ವೈನಿ ಬಾಗಿಲಲ್ಲೇ ನಿಂತಿದ್ದಳು, ನನ್ನನ್ನು ಕಂಡು ಕಣ್ಣಿನಲ್ಲೇ ಬೇಡ ಎಂದಳು. ರಾಘಪ್ಪನವರು ಕೇಳಿದರು, "ಭಾಳ ದಿನಕ್ಕ ಬಂದ್ರಲ್ಲ ಶಾಂತಾಬಾಯಿ! ಅಣ್ಣಾರು ಮಂತ್ರಾಲಯದಿಂದ ಇನ್ನ ಬಂದಿಲ್ಲಂತಲ್ಲ?"

ಓಣಿಗೆಲ್ಲ ಕೇಳುವ ಹಾಗೆ, ನಲವತ್ತು ಮಕ್ಕಳ ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. "ಎಲ್ಲೂ ಹೋಗಿಲ್ರಿ. ಒಳಗೇ ಇದ್ದಾನ. ಮನಸ್ಸಿಗೆ ಆರಾಮಿಲ್ಲ ಅವಗ. ಮಂದಿ ಯಾಕ ಬರವಲ್ರು ಅಂತ ದಾರಿ ನೋಡ್ಲಿಕತ್ತಾನ. ನಾ ಮಾತಾಡ್ಸಲಿಕ್ಕೆ ಬಂದೀನಿ. ನೀವೂ ಬರ್ರಿ."

ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಾಘಪ್ಪನವರು ಎದ್ದು ನಿಂತರು, ಚಪ್ಪಲಿ ಮೆಟ್ಟಿದರು, ಮತ್ತೆ ನಿಂತರು.

"ಖಾಲಿ ಕೈಲೆ ಹ್ಯಾಂಗ ಬರ್ಲಿ?"

ಸಾಬಮ್ಮನ ಬ್ರೆಡ್ಡನ್ನು ತೆಗೆದು ಅವರ ಕೈಗೆ ಕೊಟ್ಟೆ. ಇಬ್ಬರೂ ವೈನಿಯನ್ನು ದಾಟಿ ಒಳಗೆ ಹೋದೆವು. ಕೋಣೆಯ ಬಾಗಿಲು ಮುಚ್ಚಿತ್ತು. ರಾಘಪ್ಪನವರ ಹೆಜ್ಜೆಯ ಸದ್ದಿಗೋ ಏನೋ, ಒಳಗಿನಿಂದ ಮಂಚ ಕಿರ್ರೆಂದಿತು. ನಾನು ಬಾಗಿಲಿಗೆ ಕೈ ಇಡುವ ಮೊದಲೇ ಅಣ್ಣನ ದನಿ ಬಂತು.

"ಯಾರು? ಯಾರು ಬಂದಾರ?"